ಮೀಸಲು ಕಟ್ಟಿದ ಸಾಲು

ಹುಲ್ಲು ಮಾರುವವರಿಗೆ ನಮ್ಮೂರು ಹದಡಿಯಲ್ಲಿ ಯಾರೂ ಕುರ್ಚಿ ಹಾಕುವುದಿಲ್ಲ. ಖುರ್ಷೀದಕ್ಕ ಡೈರಿಗೆ ಬಂದರೆ ನಾನು ಹಾಕುತ್ತೇನೆ. ಅವಳು ಕೂರುವುದಿಲ್ಲ ಎನ್ನುವುದು ಬೇರೆ ಮಾತು. ನಿಂತುಕೊಂಡೇ ಮಾತಾಡುತ್ತಾಳೆ. ಮಾತಾಡುತ್ತಲೇ ಯಾವುದೋ ಹುಲ್ಲಿನ ತೆನೆಯನ್ನು ಅಂಗೈಯಲ್ಲಿ ತಿಕ್ಕಿ ಊದುತ್ತಾಳೆ. ಹೊಟ್ಟೆಲ್ಲ ನನ್ನ ಮೇಜಿನ ಮೇಲೆ, ಹಾಲು ತೂಗುವ ಯಂತ್ರದ ಮೇಲೆ. ನಾನು ರೇಗುತ್ತೇನೆ. ಅವಳು ನನ್ನ ಮಾತು ಕಿವಿಗೆ ಹಾಕಿಕೊಳ್ಳದೆ ಅಂಗೈಯಲ್ಲಿ ಏನು ಉಳಿಯಿತು ಎಂದು ನೋಡುತ್ತಾಳೆ. ಎಷ್ಟೋ ವರ್ಷ ಅಲ್ಲಿ ಏನೂ ಉಳಿಯುತ್ತಿರಲಿಲ್ಲ.

ನಾನು ಬಸವಪ್ರಭು, ಊರಿನ ಹಾಲಿನ ಡೈರಿಯ ಕಾರ್ಯದರ್ಶಿ. ಮುಂಗೋಪಿ ಎಂದು ಹೆಸರು ಪಡೆದವನು. ನಾನು ಚಡ್ಡಿ ಹಾಕಿಕೊಂಡು ಓಡಾಡುತ್ತಿದ್ದ ಕಾಲದಿಂದ ಖುರ್ಷೀದಕ್ಕ ನನ್ನನ್ನು ನೋಡಿದ್ದಾಳೆ, ಅದಕ್ಕೇ ನನ್ನ ಕೋಪಕ್ಕೆ ಕವಡೆ ಕಿಮ್ಮತ್ತು ಕೊಡುವುದಿಲ್ಲ. ಅವಳ ಗಂಡ ಕರೀಂ ಸಾಬ್ ಕರೂರಿನ ಕೈಗಾರಿಕಾ ಪ್ರದೇಶದಲ್ಲಿ ಒಂದು ಫ್ಯಾಕ್ಟರಿಯಲ್ಲಿದ್ದ. ಮೊಣಕಾಲು ಕೈಕೊಟ್ಟ ಮೇಲೆ ಮನೆ ಕಟ್ಟೆ ಹಿಡಿದ. ಆಗ ಅವಳು ನೀರಿನ ಚಾನಲ್ ಪಕ್ಕದ ಒಂದು ಹೊಲವನ್ನು ಗುತ್ತಿಗೆಗೆ ಹಿಡಿದು ಗಿನಿ ಹುಲ್ಲು ನೆಟ್ಟಳು. ಒಮ್ಮೆ ನೆಟ್ಟರೆ ವರ್ಷಗಟ್ಟಲೆ ಇರುವ ಹುಲ್ಲು ಅದು, ಕೊಯ್ದಷ್ಟೂ ಚಿಗುರುತ್ತದೆ. ಬೆಳಗಾಗುತ್ತಲೇ ಕೊಯ್ದು, ಹೊರೆ ಕಟ್ಟಿ, ಲಗೇಜ್ ಆಟೋದಲ್ಲಿ ದಾವಣಗೆರೆಗೆ ಒಯ್ದು ಎಮ್ಮೆ ಕಟ್ಟಿದವರ ಮನೆಗಳಿಗೆ ಹಾಕಿ ಬರುತ್ತಾಳೆ.

ಹೊಟ್ಟೆಪಾಡಿಗೆ ಅಷ್ಟು ಸಾಕಿತ್ತು. ಆದರೆ ಅವಳಿಗೆ ಬೀಜದ ಹುಚ್ಚು ಹಿಡಿಯಿತು. ಜಗಳೂರು ಕಡೆಯ ಒಣಭೂಮಿಯವರು ಹುಲ್ಲಿನ ಬೇರು ಕೇಳಿಕೊಂಡು ಬರುತ್ತಿದ್ದರು. ಚೀಲದಲ್ಲಿ ತುಂಬಿಕೊಂಡು ಊರು ಮುಟ್ಟುವಷ್ಟರಲ್ಲಿ ಬೇರು ಬಾಡಿರುತ್ತಿತ್ತು. ಬೀಜವಾದರೆ ಜೇಬಿನಲ್ಲಿ ಹೋಗುತ್ತದೆ. ತೊಂದರೆ ಏನೆಂದರೆ, ಈ ಹುಲ್ಲಿಗೆ ಬೀಜ ಹಿಡಿದಿಟ್ಟುಕೊಳ್ಳುವ ಬುದ್ಧಿಯೇ ಇಲ್ಲ. ತೆನೆಯ ತುದಿ ಬಲಿಯುವಾಗ ಬುಡ ಇನ್ನೂ ಹೂವಿನಲ್ಲಿರುತ್ತದೆ. ಬುಡ ಬಲಿಯಲಿ ಎಂದು ಕಾದರೆ ತುದಿಯ ಕಾಳು ನೆಲಕ್ಕೆ ಬಿದ್ದು ಇರುವೆಯ ಪಾಲು. ಕೊನೆಗೆ ನಾವು ಕೊಯ್ದು ತರುವುದು ಕಣ್ಣಿಗೆ ತುಂಬಿದಂತೆ ಕಾಣುವ ಜೊಳ್ಳು.

ಆ ಜೊಳ್ಳೇ ಒಮ್ಮೆ ಅವಳ ಮರ್ಯಾದೆ ತೆಗೆದಿತ್ತು. ಹೊಲದ ಒಡೆಯರು ಹರಿಹರದ ಹಾಲೇಶಪ್ಪನವರು. ಬೀಜ, ಗೊಬ್ಬರ, ಹಿಂಡಿಯ ದೊಡ್ಡ ಅಂಗಡಿ ಅವರದು. ಐದಾರು ವರ್ಷದ ಹಿಂದೆ ಖುರ್ಷೀದಕ್ಕ ಆಸೆಯಿಂದ ಒಂದು ಮೂಟೆ ಬೀಜ ಕೊಟ್ಟಳು, ಅವರು ನಂಬಿ ಮಾರಿದರು. ಬಿತ್ತಿದ ಕಡೆ ಒಂದು ಗರಿಯೂ ಏಳಲಿಲ್ಲ. ಕೊಂಡವರು ಅಂಗಡಿಯ ಮುಂದೆ ನಿಂತು ಬಾಯಿಗೆ ಬಂದಂತೆ ಮಾತಾಡಿದರು. ಅವತ್ತಿನಿಂದ ಸಂತೆಯಲ್ಲಿ ಅವರಿಗೆ ಜೊಳ್ಳು ಹಾಲೇಶಪ್ಪ ಎಂಬ ಹೆಸರು ನಿಂತಿತು. ಮೂರು ತಲೆಮಾರಿನ ಅಂಗಡಿಯವರಿಗೆ ಇದಕ್ಕಿಂತ ದೊಡ್ಡ ಏಟು ಬೇಕೇ? ಅವರ ಮೇಲೆ ನನಗೆ ಸಿಟ್ಟಿದೆ, ಆದರೂ ಈ ವಿಷಯದಲ್ಲಿ ಅಯ್ಯೋ ಅನಿಸುತ್ತದೆ.

ಖುರ್ಷೀದಕ್ಕ ಬಿಡಲಿಲ್ಲ. ಒಂದು ಮಳೆಗಾಲದ ಕೊನೆಗೆ ಜೋರು ಗಾಳಿ ಬೀಸಿ ಹೊಲದ ತೆನೆಗಳೆಲ್ಲ ಪೊರಕೆ ಕಡ್ಡಿಯಂತೆ ಬರಿದಾಗಿ ನಿಂತಿದ್ದಾಗ, ಒಂದೇ ಒಂದು ಬುಡದ ಮೇಲೆ ಕಾಳು ಹಾಗೇ ಇರುವುದನ್ನು ಕಂಡಿದ್ದಳು. ಖುಷಿ ಬಹಳ ದಿನ ಉಳಿಯಲಿಲ್ಲ. ಆ ಬುಡ ಗಿಡ್ಡ, ಎಲೆ ಒರಟು, ಬುಡದಿಂದ ಹೊಸ ತೆಂಡೆ ಒಡೆಯುವುದೂ ಕಡಿಮೆ. ನನ್ನ ಎಮ್ಮೆಯ ಮುಂದೆ ಹಾಕಿದರೆ ಅದು ಮೂಸಿ ಮುಖ ತಿರುಗಿಸಿತು. ಅದರ ಬೀಜ ಬಿತ್ತಿ, ಎದ್ದ ಸಸಿಗಳಲ್ಲಿ ಆರಿಸಿ, ಮತ್ತೆ ಬಿತ್ತಿ, ಮತ್ತೆ ಆರಿಸಿದಳು. ಎತ್ತರ ಬೆಳೆದದ್ದು ಕಾಳು ಉದುರಿಸುತ್ತಿತ್ತು, ಕಾಳು ಹಿಡಿದದ್ದು ಮೊಣಕಾಲು ದಾಟುತ್ತಿರಲಿಲ್ಲ. ಎರಡೂ ಗುಣ ಒಂದೇ ಬುಡದಲ್ಲಿ ಕೂಡಿದ್ದು ಹೋದ ವರ್ಷ. ಆಳೆತ್ತರ, ಮೆತ್ತನೆ ಎಲೆ, ತೋಳಿನಲ್ಲಿ ತಬ್ಬಲಾಗದಷ್ಟು ತೆಂಡೆ, ಮೇಲೆ ಉದುರದ ತೆನೆ. ಅದನ್ನೇ ಒಡೆದು ಈ ವರ್ಷ ಬದುವಿನ ಪಕ್ಕ ಒಂದು ಸಾಲು ನೆಟ್ಟಿದ್ದಳು.

ಅಷ್ಟರಲ್ಲಿ ಹರಿಹರದ ಒಬ್ಬ ಇಟ್ಟಿಗೆ ಭಟ್ಟಿಯವನು ಆ ಹೊಲದ ಮಣ್ಣಿನ ಮೇಲೆ ಕಣ್ಣು ಹಾಕಿದ. ಮಣ್ಣು ಎತ್ತಿದರೆ ಆಮೇಲೆ ಅಲ್ಲಿ ಹೊಂಡ, ಹುಲ್ಲಿನ ಮಾತು ಮುಗಿಯಿತು. ನವರಾತ್ರಿ ಮುಗಿದ ವಾರ ಹಾಲೇಶಪ್ಪ ಹೊಲಕ್ಕೆ ಬಂದು, ನನ್ನೆದುರಿಗೇ ಅವಳಿಗೆ ಹೇಳಿದರು.

"ನೋಡಮ್ಮಾ, ಇನ್ನೊಂದ್ಸಲ ನಾನು ಸಂತೆಯಾಗ ತಲೆ ತಗ್ಸೋನಲ್ಲ. ದೀಪಾವಳಿ ಹಟ್ಟಿ ಹಬ್ಬ ಆದ ಮರುದಿನ ಬರ್ತೀನಿ. ನನ್ನ ಕೈಯಾರೆ ತೆನೆ ಹಿಡಿದು ಜಾಡಿಸ್ತೀನಿ. ಕಾಳು ನಿಂತ್ರೆ ಹೊಲ ನಿನ್ನ ಹತ್ರಾನೇ ಇರ್ಲಿ, ಬೀಜಾನೂ ನನ್ನ ಅಂಗಡಿಯಾಗೇ ಮಾರ್ತೀನಿ. ಉದುರಿದ್ರೆ ಮಣ್ಣು ಭಟ್ಟಿಗೆ. ಆಮೇಲೆ ಏನೂ ಕಥೆ ಹೇಳಬ್ಯಾಡ."

"ಆಗ್ಲಿ ಬಿಡ್ರಿ ಸಾವ್ಕಾರ್ರೆ," ಎಂದಳು ಖುರ್ಷೀದಕ್ಕ. ಅಷ್ಟೇ.

ಅವರ ಕಾರು ಹೋದ ಮೇಲೆ ತನ್ನ ಹಳೆಯ ಹಳದಿ ದುಪಟ್ಟಾವನ್ನು ಪಟ್ಟಿ ಪಟ್ಟಿಯಾಗಿ ಹರಿದಳು. ಕೂಲಿಗೆ ಬರುವವರು ಗೊತ್ತಿಲ್ಲದೆ ಕುಡುಗೋಲು ಹಾಕಬಾರದೆಂದು ಆ ಸಾಲಿನ ಪ್ರತಿ ಬುಡಕ್ಕೂ ಒಂದೊಂದು ಪಟ್ಟಿ ಕಟ್ಟಿದಳು. ತೆನೆ ಬಲಿಯಿತು. ಬಲಿತ ತೆನೆಯನ್ನು ಕೊಯ್ಯದೆ ಹಾಗೇ ಬಿಡಬೇಕು, ಅದೇ ಪರೀಕ್ಷೆ. ದಿನಾ ಬೆಳಗ್ಗೆ ಹೋಗಿ ನೆಲ ನೋಡುತ್ತಿದ್ದಳು, ತೆನೆ ನೋಡುತ್ತಿರಲಿಲ್ಲ. ಕಾಳು ಬಿದ್ದಿದ್ದರೆ ನೆಲದಲ್ಲೇ ತಾನೇ ಗೊತ್ತಾಗುವುದು.

ಹಬ್ಬಕ್ಕೆ ಇನ್ನೂ ಕೆಲವು ದಿನ ಇರುವಾಗ ಸೈಕ್ಲೋನ್ ಮಳೆ ಹಿಡಿಯಿತು. ಮಧ್ಯಾಹ್ನಕ್ಕೇ ಕತ್ತಲೆ, ಗಾಳಿಗೆ ಡೈರಿಯ ತಗಡು ಹಾರುವಂತಿತ್ತು. ಖುರ್ಷೀದಕ್ಕ ನನ್ನ ಬಾಗಿಲಲ್ಲಿ ನಿಂತು ಚಾನಲ್ ಕಡೆ ನೋಡುತ್ತಿದ್ದಳು. ತುಟಿ ಅಲುಗುತ್ತಿತ್ತು, ದುವಾ ಮಾಡುತ್ತಿದ್ದಳೋ ಮಳೆಗೆ ಬೈಯುತ್ತಿದ್ದಳೋ ತಿಳಿಯದು. ಕೂತ್ಕೊ ಅಕ್ಕಾ ಎಂದೆ. ತಲೆ ಆಡಿಸಿದಳು. ಮಳೆ ಸ್ವಲ್ಪ ತಗ್ಗಿದ್ದೇ ತಡ, ಕೆಸರಿನಲ್ಲಿ ಓಡಿದಳು. ನಾನೂ ಹಿಂದೆಯೇ ಹೋದೆ. ಹೊಲದ ಉಳಿದ ತೆನೆಗಳೆಲ್ಲ ಬೋಳಾಗಿದ್ದವು. ಬದುವಿನ ಸಾಲು ನೆಲಕ್ಕೆ ಬಾಗಿತ್ತು, ನೀರು ಸೋರುತ್ತಿತ್ತು. ಅವಳು ಒಂದು ತೆನೆಯನ್ನು ಮೆಲ್ಲಗೆ ಎತ್ತಿ ಹಿಡಿದಳು. ಕಾಳು ತುಂಬಿ ನಿಂತಿತ್ತು.

"ನಿಂತೈತೆ ಪ್ರಭಾ," ಎಂದಳು. ಮಳೆ ನೀರು ನನ್ನ ಮುಖದ ಮೇಲಿತ್ತಾದ್ದರಿಂದ ಬಚಾವಾದೆ.

ಇನ್ನು ಹೆದರಿಕೆಯಿಲ್ಲ ಎಂದುಕೊಂಡಿದ್ದೆವು. ಅಮಾವಾಸ್ಯೆಯ ದಿನ ಅವಳು ಎಂದಿನಂತೆ ಹೊರೆ ಹೇರಿಕೊಂಡು ದಾವಣಗೆರೆಗೆ ಹೋದಳು. ವಿದ್ಯಾನಗರದ ಕಡೆ ಹಬ್ಬದ ಗದ್ದಲದಲ್ಲಿ ಆಟೋ ಸಿಕ್ಕಿಹಾಕಿಕೊಂಡು ಬರುವುದು ತಡವಾಯಿತು. ಸಂಜೆ ನಾನು ಡೈರಿ ಬಾಗಿಲು ಹಾಕುವಾಗ ಕರೀಂ ಸಾಬ್ ಕೋಲೂರಿಕೊಂಡು ಬಂದ. "ಒಂದಿಷ್ಟು ಹೊಲದ ಕಡೆ ಬಾರಪ್ಪಾ. ಅವಳು ಮಾತೇ ಆಡ್ತಿಲ್ಲ," ಎಂದ.

ಬದುವಿನ ಮೇಲೆ ಖುರ್ಷೀದಕ್ಕ ಕೂತಿದ್ದಳು. ಅವಳ ಮುಂದೆ ಆ ಸಾಲು ಇರಲಿಲ್ಲ. ಒಂದು ಗೇಣು ಬುಡ ಬಿಟ್ಟು ಪೂರ್ತಿ ಕೊಯ್ದಿದ್ದರು, ಹಳದಿ ಪಟ್ಟಿಗಳೂ ಇರಲಿಲ್ಲ. ಪಕ್ಕದಲ್ಲಿ ಕರ್ಜಿಕಾಯಿಯ ಒಂದು ಸ್ಟೀಲ್ ಡಬ್ಬಿ, ಮುಚ್ಚಳ ತೆಗೆಯದ್ದು.

ನಡೆದದ್ದನ್ನು ಕರೀಂ ಸಾಬ್ ಹೇಳಿದ. ಬೆಳಗ್ಗೆ ಹಾಲೇಶಪ್ಪನವರ ಹೆಂಡತಿ ಸರ್ವಮಂಗಳಮ್ಮ ಕಾರಿನಲ್ಲಿ ಬಂದಿದ್ದರು. ಪ್ರತಿ ವರ್ಷ ಬರುವವರೇ. ದೀಪಾವಳಿ ಪಾಡ್ಯಕ್ಕೆ ನಮ್ಮ ಕಡೆ ಸಗಣಿಯಲ್ಲಿ ಹಟ್ಟಿ ಲಕ್ಕವ್ವನನ್ನು ಮಾಡಿ ಬಾಗಿಲಲ್ಲಿ ಕೂಡಿಸಿ, ಅವಳ ಮುಡಿಗೆ ಚೆಂಡು ಹೂವು, ಉತ್ತರಾಣಿ ಕಡ್ಡಿ, ತೆನೆಹುಲ್ಲು ಸಿಕ್ಕಿಸುತ್ತೇವೆ. ಅದಕ್ಕೆ ಸ್ವಂತ ಹೊಲದ ಹುಲ್ಲೇ ಆಗಬೇಕೆಂಬುದು ಅವರ ಹಟ.

"ತೆನೆಹುಲ್ಲು ಒಯ್ಲಾ ಸಾಬ್ರೆ ಅಂದ್ರು. ನಿಮ್ದೇ ಹೊಲ, ಒಯ್ರಿ ಅಮ್ಮಾರೆ ಅಂದೆ. ನಾನು ಕಟ್ಟೆ ಬಿಟ್ಟು ಏಳ್ಲಿಲ್ಲ, ಯಾವ ಸಾಲಂತ ನೋಡ್ಲಿಲ್ಲ," ಎಂದ ಕರೀಂ ಸಾಬ್. "ಹೋಗಬೇಕಾದ್ರೆ ಈ ಡಬ್ಬಿ ಕೊಟ್ರು. ನಮ್ಮ ಲಕ್ಕವ್ವಗಂತ ಸಾಲಿಗೆ ಸಾಲೇ ಮೀಸಲು ಕಟ್ಟಿ ಬಿಟ್ಟಾಳಲ್ಲ ನಿಮ್ಮ ಖುರ್ಷೀದಾ, ಎಂಥಾ ಪುಣ್ಯಾತಗಿತ್ತಿ, ಅಂದ್ರು. ಕಣ್ಣಿಗೊತ್ಕೊಂಡು ಒಯ್ದ್ರು."

ನನಗೆ ಆಗ ತಿಳಿಯಿತು. ದೇವರಿಗೆಂದು ಬಿಟ್ಟ ತೆನೆಗೆ, ಕಾಯಿಗೆ, ನಮ್ಮ ಮನೆಗಳಲ್ಲಿ ಹಳದಿ ಬಟ್ಟೆ ಕಟ್ಟುತ್ತಾರೆ. ಕಟ್ಟಿದ ಮೇಲೆ ಅದು ಮೀಸಲು, ಬೇರೆ ಯಾರೂ ಮುಟ್ಟುವಂತಿಲ್ಲ. ದೇವರಿಗೆ ಒಯ್ಯುವಾಗ ಅರ್ಧ ಬಿಡುವಂತೆಯೂ ಇಲ್ಲ. ಬೋಳಾದ ಹೊಲದ ನಡುವೆ ಕಾಳು ತುಂಬಿ ನಿಂತ ಸಾಲು, ಒಂದೊಂದು ಬುಡಕ್ಕೂ ಹಳದಿ ಪಟ್ಟಿ. ನಮ್ಮವ್ವ ಇದ್ದಿದ್ದರೂ ಅದನ್ನೇ ಕೊಯ್ದು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು.

"ಏಳು ಅಕ್ಕಾ. ಈಗ್ಲೇ ಹರಿಹರಕ್ಕೆ ಹೋಗಿ ವಾಪಸ್ ಕೇಳಿ ತರಾಣ."

"ದೇವ್ರಿಗಂತ ಒಯ್ದಿದ್ದನ್ನ ನಾಳೆ ಹಬ್ಬ ಅನ್ನಂಗ ಹೆಂಗೆ ಕೇಳ್ಲಿ? ಅದು ಮೀಸಲಲ್ಲ, ನನ್ನ ಹರಕು ದುಪಟ್ಟಾ ಅಂತ ಹೇಳ್ಲಾ? ಅವ್ರ ಹಬ್ಬ ಏನಾಗ್ಬೇಕು?"

"ಹಂಗಾದ್ರೆ ಬಿಡು. ಬುಡ ಐತಲ್ಲ, ಮತ್ತೆ ಚಿಗುರ್ತೈತೆ."

"ಎಲ್ಲಿ ಚಿಗುರ್ಲಿ, ಭಟ್ಟಿ ಹೊಂಡದಾಗಾ?"

"ಕಿತ್ತು ಬೇರೆ ಕಡೆ ನೆಡು."

"ಎಲ್ಲಿ? ನಿನ್ನ ಡೈರಿ ಮೇಜಿನ ಮ್ಯಾಲಾ?" ಎಂದು ರೇಗಿದಳು. ಅವಳು ನನ್ನ ಮೇಲೆ ರೇಗಿದ್ದು ಅದೇ ಮೊದಲು. ಆಮೇಲೆ ಸೆರಗಿನಿಂದ ಮುಖ ಮುಚ್ಚಿಕೊಂಡು ಅತ್ತಳು. ಕರೀಂ ಸಾಬ್ ಕೋಲಿನ ಮೇಲೆ ಗದ್ದ ಇಟ್ಟುಕೊಂಡು ನೆಲ ನೋಡುತ್ತ ನಿಂತ.

ಹಬ್ಬದ ದಿನ ನನಗೆ ಹೋಳಿಗೆ ಒಳಗಿಳಿಯಲಿಲ್ಲ. ಮರುದಿನ ಹಾಲೇಶಪ್ಪ ಹೇಳಿದ ಹಾಗೆ ಬಂದರು, ಕಾರಿನಲ್ಲಿ ಭಟ್ಟಿಯವನೂ ಇದ್ದ. ಅವನು ಇಳಿದವನೇ ಹೊಲದ ಅಂಚಿಗೆ ಹೋಗಿ ಟೇಪು ಬಿಚ್ಚಿ, ಸುಣ್ಣದ ಪುಡಿಯಲ್ಲಿ ಗೆರೆ ಹಾಕತೊಡಗಿದ. ಪರೀಕ್ಷೆ ಇನ್ನೂ ಆಗಿಲ್ಲ, ಅಷ್ಟರಲ್ಲೇ ಗೆರೆ. ನನ್ನ ಮೈಯೆಲ್ಲ ಉರಿಯಿತು.

ಹಾಲೇಶಪ್ಪ ಬದುವಿನ ಸಾಲಿನ ಮುಂದೆ ನಿಂತು ಬುಡ ನೋಡಿದರು, ಅವಳ ಮುಖ ನೋಡಿದರು. "ತೆನೆ ಎಲ್ಲಿ?"

ಖುರ್ಷೀದಕ್ಕ ಕೊಯ್ದ ಬುಡದ ಮೇಲಿನ ಒಣ ಎಲೆಯೊಂದನ್ನು ಎತ್ತಿ ಬದಿಗೆ ಹಾಕಿದಳು.

"ನನಗೆ ಗೊತ್ತಿತ್ತು. ಉದುರಿರ್ತೈತೆ, ತೋರ್ಸೋಕ್ ಮುಖ ಇಲ್ದೆ ಕೊಯ್ದು ಹಾಕೀಯ. ಕಥೆ ಹೇಳಬ್ಯಾಡ ಅಂದಿದ್ದೆ."

"ಸಾವ್ಕಾರ್ರೆ, ಕೊಯ್ದಿದ್ದು ಅವಳಲ್ಲ, ನಿಮ್ಮ ಮನೆ—" ಎಂದು ನಾನು ಬಾಯಿ ತೆರೆದಿದ್ದೆ. ಖುರ್ಷೀದಕ್ಕ ನನ್ನ ತೋಳು ಹಿಡಿದು ಹಿಂದಕ್ಕೆಳೆದಳು. ಹುಲ್ಲು ಕೊಯ್ದು ಗಟ್ಟಿಯಾದ ಕೈ, ಚರ್ಮ ಉರಿಯಿತು.

"ನಾನೇ ಅಮ್ಮಾರಿಗೆ ಕೊಟ್ಟೀನ್ರಿ," ಎಂದಳು. "ನಿಮ್ಮ ಹಟ್ಟಿ ಲಕ್ಕವ್ವಗೆ. ನಿಮ್ಮ ಬಾಗಿಲಾಗೇ ಐತೆ. ಮನಿಗೆ ಹೋಗಿ ಜಾಡಿಸಿ ನೋಡ್ರಿ. ಉದುರಿದ್ರೆ ಹೊಲ ನಿಮ್ದು, ನಾನು ಒಂದು ಮಾತೂ ಆಡಲ್ಲ."

ಹಾಲೇಶಪ್ಪನವರ ಮುಖ ಕೆಂಪಾಯಿತು. ಹೆಂಗಸರ ಹಬ್ಬಕ್ಕೆ ಕೊಟ್ಟು ತನಗೆ ಬುಡ ತೋರಿಸುತ್ತಾಳಲ್ಲ ಎಂದು ಗೊಣಗಿದರು. ಆದರೆ ಮಾತಿಗೆ ಕಟ್ಟುಬಿದ್ದ ಮನುಷ್ಯ. ಭಟ್ಟಿಯವನಿಗೆ, "ಇಲ್ಲೇ ಇರು, ಫೋನ್ ಮಾಡ್ತೀನಿ," ಎಂದು ಕಾರು ಹತ್ತಿದರು.

ನಾವು ಬೈಕಿನಲ್ಲಿ ಹಿಂದೆ ಹೊರಟೆವು. ನನ್ನ ತಲೆಯಲ್ಲಿ ಬರೀ ಕೆಟ್ಟ ಯೋಚನೆ. ಕೊಯ್ದ ತೆನೆ ಒಣಗಿದರೆ ಕಾಳು ಇನ್ನೂ ಸಡಿಲಾಗುತ್ತದೆ. ಇಡೀ ಒಂದು ದಿನ ಬಿಸಿಲಿನಲ್ಲಿ ಕೂತಿದೆ, ಬಾಗಿಲಲ್ಲಿ ಪಟಾಕಿ ಹೊಡೆದಿರುತ್ತಾರೆ, ಬಂದುಹೋಗುವವರ ಸೀರೆ ಸವರಿರುತ್ತದೆ. ಅವಳೂ ಅದನ್ನೇ ಯೋಚಿಸುತ್ತಿದ್ದಳೆಂದು ಕಾಣುತ್ತದೆ.

"ಅಲ್ಲಿ ಗುಬ್ಬಿ ಅದಾವೇನೋ ಪ್ರಭಾ?" ಎಂದು ದಾವಣಗೆರೆ ದಾಟಿದ ಮೇಲೆ ಕೇಳಿದಳು.

"ಪ್ಯಾಟೆಯಾಗ ಗುಬ್ಬಿ ಎಲ್ಲಿಂದ ಬರ್ಬೇಕು? ಸುಮ್ಕಿರು," ಎಂದೆ. ನಾವು ಹಾಲೇಶಪ್ಪನವರ ಬೀದಿಗೆ ತಿರುಗಿದಾಗ ಕರೆಂಟ್ ತಂತಿಯ ಮೇಲೆ ಸಾಲಾಗಿ ಗುಬ್ಬಿಗಳು ಕೂತಿದ್ದವು. ಅವಳು ನೋಡಿದಳು, ನನಗೆ ಹೇಳಲಿಲ್ಲ. ನಾನೂ ನೋಡಿದ್ದೆ, ಹೇಳಲಿಲ್ಲ.

ಮನೆ ಮುಂದೆ ಸರ್ವಮಂಗಳಮ್ಮ ಏಣಿ ಇಡಿಸುತ್ತಿದ್ದರು. ಹಬ್ಬದ ಮರುದಿನ ಲಕ್ಕವ್ವನನ್ನು ಮಾಳಿಗೆಗೆ ಏರಿಸುವುದು ಅವರ ಮನೆಯ ಪದ್ಧತಿ. ಹೊಸ್ತಿಲ ಎರಡೂ ಬದಿ ಸಗಣಿಯ ಲಕ್ಕವ್ವಗಳು ಒಣಗಿ ಬಿರುಕು ಬಿಟ್ಟು ಕೂತಿದ್ದವು. ಅವುಗಳ ಮುಡಿಯಲ್ಲಿ ಬಾಡಿದ ಚೆಂಡು ಹೂವಿನ ನಡುವೆ ನಮ್ಮ ಹದಡಿಯ ತೆನೆಗಳಿದ್ದವು. ದೂರದಿಂದ ಕಾಳು ಇದೆಯೋ ಇಲ್ಲವೋ ತಿಳಿಯಲಿಲ್ಲ.

"ಬಂದ್ಯಾ ಖುರ್ಷೀದಾ, ಬಾ. ಹಬ್ಬದೂಟ ಉಳ್ದೈತೆ, ಉಂಡೇ ಹೋಗ್ಬೇಕು," ಎಂದರು ಸರ್ವಮಂಗಳಮ್ಮ. ಅಷ್ಟರಲ್ಲಿ ಗಂಡ ಚಪ್ಪಲಿ ಬಿಟ್ಟು ಲಕ್ಕವ್ವನ ಮುಡಿಗೆ ಕೈ ಹಾಕಿದ್ದನ್ನು ಕಂಡು ಗಾಬರಿಯಾದರು. "ಏನ್ರಿ ಇದು, ಮ್ಯಾಲೆ ಏರಿಸೋ ಮುಂಚೆ ಕೀಳಬಾರ್ದು."

ಹಾಲೇಶಪ್ಪ ಕೈ ಹಿಂದೆ ತೆಗೆದುಕೊಂಡರು. ಸ್ವಲ್ಪ ಹೊತ್ತು ಯೋಚಿಸಿ, ಹೆಗಲ ಮೇಲಿನ ಬಿಳಿ ವಲ್ಲಿಯನ್ನು ಲಕ್ಕವ್ವನ ಸುತ್ತ ನೆಲಕ್ಕೆ ಹಾಸಿದರು. ಕುಕ್ಕರಗಾಲಲ್ಲಿ ಕೂತು, ಸಗಣಿಯಲ್ಲಿ ನಾಟಿಕೊಂಡಿದ್ದ ತೆನೆಯನ್ನು ಹಾಗೆಯೇ ಹಿಡಿದು ಜಾಡಿಸಿದರು. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ. ಖುರ್ಷೀದಕ್ಕ ಕಣ್ಣು ಮುಚ್ಚಿಕೊಂಡಳು.

ಚೆಂಡು ಹೂವಿನ ಎಸಳು ಬಿದ್ದವು. ಉತ್ತರಾಣಿಯ ಮುಳ್ಳುಕಾಯಿ ಬಿದ್ದು ವಲ್ಲಿಗೆ ಅಂಟಿತು. ಜೊತೆಗೆ ಹುಲ್ಲಿನ ಕಾಳಿನಂಥವೂ ಒಂದಷ್ಟು ಬಿದ್ದವು. ಹಾಲೇಶಪ್ಪ ಅವನ್ನು ಆರಿಸಿ ಅಂಗೈಗೆ ಹಾಕಿಕೊಂಡು ತಿಕ್ಕಿ ಊದಿದರು. ಅಷ್ಟೂ ಹಾರಿಹೋಯಿತು, ಬರೀ ಜೊಳ್ಳು. ಈಗ ತೆನೆಯ ಮೇಲೆಯೇ ಉಳಿದದ್ದನ್ನು ಬೆರಳಲ್ಲಿ ಎಳೆದು ಬಿಡಿಸಿದರು. ಸುಲಭಕ್ಕೆ ಬರಲಿಲ್ಲ, ಉಗುರು ಹಾಕಬೇಕಾಯಿತು. ತಿಕ್ಕಿ ಊದಿದರು. ಹೊಟ್ಟು ಹಾರಿತು. ಕಾಳು ಅಂಗೈಯಲ್ಲೇ ಉಳಿಯಿತು. ಒಂದು ಕಾಳನ್ನು ಹಲ್ಲಿನ ನಡುವೆ ಇಟ್ಟು ಕಡಿದರು. ಗಟ್ಟಿ ಕಾಳು ಒಡೆದ ಸಣ್ಣ ಸದ್ದು ನನಗೂ ಕೇಳಿಸಿತು.

ಇನ್ನೊಂದು ಬದಿಯ ಲಕ್ಕವ್ವನ ತೆನೆಯನ್ನೂ ಜಾಡಿಸಿ ನೋಡಿದರು.

"ಅದನ್ನ ಯಾಕ ಹಂಗೆ ಜಾಡಿಸ್ತೀರಿ? ಅವಳು ಮೀಸಲು ಬಿಟ್ಟಿದ್ದು," ಎಂದರು ಸರ್ವಮಂಗಳಮ್ಮ. "ಹಳದಿ ಬಟ್ಟೆ ಕಟ್ಟಿ ಸಾಲಿಗೆ ಸಾಲೇ ಬಿಟ್ಟಿದ್ಲು. ಪಾಪ, ಇವಳು ಊರಾಗೂ ಇರಲಿಲ್ಲ, ದಾವಣಗೆರೆಗೆ ಹೋಗಿದ್ಲಂತೆ. ನಾನೇ ಕೊಯ್ಕೊಂಡು ಬಂದೆ."

ಹಾಲೇಶಪ್ಪ ತಲೆ ಎತ್ತಿದರು. "ನೀನು ಊರಾಗಿರಲಿಲ್ವಾ?" ಎಂದು ಖುರ್ಷೀದಕ್ಕನನ್ನು ಕೇಳಿದರು.

ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

"ಆ ಬಟ್ಟೆ ಯಾಕ ಕಟ್ಟಿದ್ದೆ?"

ಸರ್ವಮಂಗಳಮ್ಮ ಇಬ್ಬರ ಮುಖವನ್ನೂ ನೋಡುತ್ತಿದ್ದರು. ಅವರ ಕಣ್ಣಲ್ಲಿ ಆಗಲೇ ಏನೋ ಅಳುಕು ಕಾಣಿಸಿಕೊಂಡಿತ್ತು.

"ಮೀಸಲಿಗೇ ಕಟ್ಟಿದ್ದೇರಿ," ಎಂದಳು ಖುರ್ಷೀದಕ್ಕ.

ಅಂಗಡಿಯಲ್ಲಿ ಕೂತು ಜೀವಮಾನವೆಲ್ಲ ಸುಳ್ಳು ಕೇಳಿದ ಮನುಷ್ಯ ಹಾಲೇಶಪ್ಪ. ಅವರಿಗೆ ತಿಳಿಯಿತು. ತಿಳಿಯಿತೆಂದು ಅವರ ಮುಖದಲ್ಲೇ ಗೊತ್ತಾಯಿತು. ಹೆಂಡತಿಗೆ ಏನೂ ಹೇಳಲಿಲ್ಲ. ಎದ್ದು ನಿಂತು, ಜೇಬಿನಿಂದ ಫೋನ್ ತೆಗೆದು, "ನೀನು ಹೊರಡಪ್ಪಾ. ಆ ಮಣ್ಣು ಕೊಡಂಗಿಲ್ಲ," ಎಂದಷ್ಟೇ ಹೇಳಿ ಇಟ್ಟರು. ಆಮೇಲೆ ಖುರ್ಷೀದಕ್ಕನ ಕಡೆ ತಿರುಗಿ, ಇಷ್ಟೂ ತೆನೆ ಬಿಡಿಸಿಕೊಂಡು ಹೋಗು, ಬೀಜಕ್ಕೆ ಬೇಕಲ್ಲ ಎಂದರು.

"ಬ್ಯಾಡ್ರಿ, ಅದು ಅಮ್ಮಾರ ಲಕ್ಕವ್ವಂದು. ಹೊಲ ಐತಲ್ರಿ, ಬುಡ ಐತೆ. ಮತ್ತೆ ಬಿಡ್ತೈತೆ."

ಅವರು ಅಂಗೈಯಲ್ಲಿ ಉಳಿದಿದ್ದ ಚಿಟಿಕೆ ಕಾಳನ್ನು ಅವಳ ಅಂಗೈಗೆ ಸುರಿದರು. ಅವಳು ಮುಷ್ಟಿ ಕಟ್ಟಿದಳು. ಸರ್ವಮಂಗಳಮ್ಮ ಊಟ ಮಾಡಿಸದೆ ಕಳಿಸಲಿಲ್ಲ. ಖುರ್ಷೀದಕ್ಕನ ಬಲಗೈ ಉಣ್ಣುತ್ತಿತ್ತು, ಎಡಗೈ ಮುಷ್ಟಿಯಾಗಿಯೇ ಇತ್ತು.

ಬರುವಾಗ ಬೈಕಿನ ಹಿಂದೆ ಒಂದೇ ಕೈಯಲ್ಲಿ ಹಿಡಿದುಕೊಂಡು ಕೂತಿದ್ದಳು. 'ಹೈವೇ ಮ್ಯಾಲೆ ಎರಡೂ ಕೈಯಾಗ ಹಿಡ್ಕೊ ಅಕ್ಕಾ, ಬಿದ್ದೀಯ' ಎಂದು ದಾರಿಯುದ್ದಕ್ಕೂ ಬೈದೆ. ಕೇಳಲಿಲ್ಲ. ಹೊಲದ ಹತ್ತಿರ ನಿಲ್ಲಿಸು ಎಂದಳು. ಭಟ್ಟಿಯವನು ಹೋಗಿಯಾಗಿತ್ತು, ಸುಣ್ಣದ ಗೆರೆ ಉಳಿದಿತ್ತು. ಅವಳು ಗೆರೆಯುದ್ದಕ್ಕೂ ನಡೆದು ಕಾಲಿನಿಂದ ಅಳಿಸಿದಳು. ಬದುವಿನ ಸಾಲಿನ ಬುಡಗಳಲ್ಲಿ ಆಗಲೇ ಹಸಿರು ಸುಳಿ ಮೇಲೆ ಬಂದಿತ್ತು.

ಡೈರಿಗೆ ಬಂದೆವು. ಸಂಜೆ ಹಾಲಿಗೆ ಇನ್ನೂ ಹೊತ್ತಿತ್ತು. ನಾನು ರೂಢಿಯಂತೆ ಕುರ್ಚಿ ಎಳೆದು ಹಾಕಿ ದೀಪ ಹಚ್ಚಲು ಹೋದೆ. ತಿರುಗಿ ನೋಡಿದರೆ ಖುರ್ಷೀದಕ್ಕ ಕುರ್ಚಿಯ ಮೇಲೆ ಕೂತಿದ್ದಳು. ಮುಷ್ಟಿ ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಕಾಳೆಲ್ಲ ಬೆವರಿಗೆ ಅಂಗೈಗೆ ಅಂಟಿಕೊಂಡಿದ್ದವು.